ಟೈಂಪಾಸ್ ಎಂಬ ಕಾಲಕ್ಷೇಪ

ಮುಂಬಯಿಯಲ್ಲಿ ಯಾರಿಗೂ ಪುರುಸೊತ್ತಿಲ್ಲ. ಇದು ಊರಿನಲ್ಲಿ ಕೂತ ಅಜ್ಜಿಯಂದಿರಿಗೂ ಗೊತ್ತಿರುವ ವಿಷಯ. "ಮುಂಬಯಿಯವರಿಗೆ ಫೋನು ಮಾಡಿದರೆ ಗಾಡಿಯಲ್ಲಿದ್ದೇನೆ, ಆಮೇಲೆ ಮಾಡ್ತೇನೆ ಅಂತಾರೆ. ಆ ಆಮೇಲೆ ಎಂಬುದು ಬರುವುದೇ ಇಲ್ಲ" ಎಂದು ಅವರ ದೂರು. ಇಂಥ ಊರಿನ ಬಾಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಹೊರಳುವ ಇಂಗ್ಲಿಷ್ ಜೋಡುಪದ ಒಂದಿದೆ: ಟೈಂಪಾಸ್. ಹೊತ್ತೇ ಇಲ್ಲದವರು ಹೊತ್ತು ಕಳೆಯುವ ಮಾತನ್ನು ಇಷ್ಟೊಂದು ಬಳಸುವುದೇಕೆ ಎಂದು ಹರಟೆಗೆ ಕೂತಾಗಲೆಲ್ಲ ಕೇಳುತ್ತೇನೆ. ಉತ್ತರ ಸಿಗುವುದಿಲ್ಲ. ಟೈಂಪಾಸ್ ಅಂತೂ ಆಗುತ್ತದೆ.

ಈ ಪದದ ಮೊದಲನೆಯ ಅರ್ಥ ತಿನ್ನುವಂಥದು. ಸಂಜೆ ಗಿರಗಾಂವ್ ಚೌಪಾಟಿಯ ಮರಳಿನಲ್ಲೋ ಮರೀನ್ ಡ್ರೈವಿನ ಕಟ್ಟೆಯ ಮೇಲೋ ಕೂತು ನೋಡಿ. ಕುತ್ತಿಗೆಗೆ ಬುಟ್ಟಿ ತೂಗುಹಾಕಿಕೊಂಡು, ಬುಟ್ಟಿಯ ನಡುವೆ ಕೆಂಡದ ಪುಟ್ಟ ಮಡಕೆ ಇಟ್ಟುಕೊಂಡು ಒಬ್ಬ ಬರುತ್ತಾನೆ. "ಟೈಂಪಾಸ್, ಟೈಂಪಾಸ್" ಎಂದು ಅವನು ಕೂಗಿದರೆ ಕಡಲೆಕಾಯಿ ಎಂದು ತಿಳಿಯಬೇಕು. ಮುಂಬಯಿಯ ಬಾಯಲ್ಲಿ ಸಿಂಗ್. ನಮ್ಮ ಕರ್ನಾಟಕದ ಬಸ್‌ಸ್ಟ್ಯಾಂಡುಗಳಲ್ಲೂ ರೈಲುಗಳಲ್ಲೂ 'ಟೈಂಪಾಸ್ ಕಡ್ಲೇಕಾಯ್' ಎಂಬ ಕೂಗು ಕೇಳಿದವರಿಗೆ ಇದು ಹೊಸದಲ್ಲ. ಬಡವರ ಬಾದಾಮಿಗೆ ಈ ಹೆಸರು ಸುಮ್ಮನೆ ಬಂದಿಲ್ಲ. ಸಿಪ್ಪೆ ಒಡೆಯಬೇಕು, ಕೆಂಪು ಹೊಟ್ಟು ಊದಬೇಕು, ನಡುವೆ ಸಿಕ್ಕಿದ ಕಹಿ ಬೀಜಕ್ಕೆ ಮುಖ ಸಿಂಡರಿಸಿ ಇನ್ನೊಂದನ್ನು ತಿಂದು ಬಾಯಿ ಸರಿಮಾಡಿಕೊಳ್ಳಬೇಕು. ಗೋಡಂಬಿಗೆ ಈ ಯೋಗ್ಯತೆ ಇಲ್ಲ. ಅದು ಬಾಯಿಗೆ ಬೀಳುವಷ್ಟರಲ್ಲಿ ಮುಗಿಯುತ್ತದೆ, ಜೇಬೂ ಜೊತೆಗೇ ಮುಗಿಯುತ್ತದೆ. ಬ್ರಿಟಾನಿಯಾದವರು ಇದನ್ನು ಸರಿಯಾಗಿ ಹಿಡಿದರು. ಒಂದು ಉಪ್ಪು ಬಿಸ್ಕತ್ತಿಗೆ ಟೈಂಪಾಸ್ ಎಂದೇ ಹೆಸರಿಟ್ಟು ಮಾರಿದರು.

ಇಂಗ್ಲಿಷರ ಹತ್ತಿರ ಇದೇ ಎರಡು ಪದಗಳು ಹಿಂದುಮುಂದಾಗಿ 'ಪಾಸ್‌ಟೈಮ್' ಆಗಿದ್ದವು. ಮುಂಬಯಿಯ ಸಾಹೇಬರು ತಮ್ಮ ಪಾಸ್‌ಟೈಮಿಗಾಗಿ 1875ರಲ್ಲಿ ಬಾಂಬೆ ಜಿಮಖಾನಾ ಕಟ್ಟಿಕೊಂಡರು. ನಮ್ಮ ದೇಶದ ನೆಲದಲ್ಲಿ ಮೊದಲ ಟೆಸ್ಟ್ ಪಂದ್ಯ ನಡೆದದ್ದು ಅದೇ ಮೈದಾನದಲ್ಲಿ, 1933ರ ಡಿಸೆಂಬರಿನಲ್ಲಿ. ನಾಯಕ ಸಿ.ಕೆ. ನಾಯ್ಡು, ಚೊಚ್ಚಲ ಪಂದ್ಯದಲ್ಲೇ ಶತಕ ಹೊಡೆದದ್ದು ಲಾಲಾ ಅಮರನಾಥ್. ಆ ಕಾಲದಲ್ಲಿ ಜಿಮಖಾನಾದ ಸದಸ್ಯತ್ವ ಮಾತ್ರ ಬಿಳಿಯರದು. ಪಾಸ್‌ಟೈಮಿಗೆ ಮೆಂಬರ್‌ಶಿಪ್ ಬೇಕು, ಬಿಳಿ ಪ್ಯಾಂಟು ಬೇಕು, ಮಧ್ಯಾಹ್ನವೇ ಕೆಲಸ ಮುಗಿಸುವ ಅಧಿಕಾರ ಬೇಕು. ಟೈಂಪಾಸಿಗೆ ಒಂದು ಕಾಗದದ ಪೊಟ್ಟಣ ಸಾಕು. ಇನ್ನು ಪದ ತಿರುವುಮುರುವಾದದ್ದಕ್ಕೆ ನಮ್ಮ ನಾಲಿಗೆಯೇ ಕಾರಣವಿರಬೇಕು ಎಂದು ನನ್ನ ತರ್ಕ. ನಮ್ಮಲ್ಲಿ ಕೆಲಸದ ಮಾತು ಯಾವಾಗಲೂ ಕೊನೆಗೆ. ಕನ್ನಡದಲ್ಲಿ ಹೊತ್ತು ಕಳೆಯುತ್ತೇವೆ, ಮರಾಠಿಯಲ್ಲಿ ವೇಳ್ ಘಾಲವತಾತ್. ಅದೇ ಅಚ್ಚಿನಲ್ಲಿ ಟೈಂ ಪಾಸ್ ಮಾಡುತ್ತೇವೆ.

ಎರಡನೆಯ ಅರ್ಥ ಸಿಗುವುದು ಈ ಪದದ ನಿಜವಾದ ತವರಿನಲ್ಲಿ, ಲೋಕಲ್ ಗಾಡಿಯಲ್ಲಿ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಮೊದಲ ರೈಲು ಹೊರಟಾಗ ಆ ದಾರಿ 34 ಕಿಲೋಮೀಟರು. ಈಗ ಠಾಣೆ ದಾಟಿ ನಮ್ಮ ಡೊಂಬಿವಲಿ, ಅದನ್ನೂ ದಾಟಿ ಕಲ್ಯಾಣ, ಕಸಾರಾ, ಕರ್ಜತ್. ಆ ಕಡೆ ಪಶ್ಚಿಮ ಲೈನಿನಲ್ಲಿ ವಿರಾರ್ ದಾಟಿ ಡಹಾಣೂ. ಡೊಂಬಿವಲಿಯಿಂದ ಬೋರಿಬಂದರಿನ ಈಗಿನ ಸಿಎಸ್‌ಎಂಟಿಗೆ ಫಾಸ್ಟ್ ಗಾಡಿ ಸಿಕ್ಕಿದರೂ ಒಂದು ಗಂಟೆಯ ಮೇಲೆಯೇ. ಹೋಗುವುದು, ಬರುವುದು, ಗಾಡಿಗೆ ಕಾಯುವುದು ಎಲ್ಲ ಕೂಡಿಸಿದರೆ ದಿನದಲ್ಲಿ ಮೂರು ಗಂಟೆ ಹೋಯಿತು. ಈ ಮೂರು ಗಂಟೆ ಯಾರದ್ದು ಹೇಳಿ? ಮನೆಯವರು ನಮ್ಮದಲ್ಲ ಅಂತಾರೆ, ಆಫೀಸಿನವರು ಖಂಡಿತ ತಮ್ಮದಲ್ಲ ಅಂತಾರೆ. ವಾರಸುದಾರರಿಲ್ಲದ ಈ ಹೊತ್ತಿನಲ್ಲಿ ಮುಂಬಯಿಯವನು ಏನೇ ಮಾಡಿದರೂ ಅದು ಟೈಂಪಾಸ್.

ಮಾಡುವುದು ಕಡಿಮೆಯೇ? ನಾಲ್ಕು ಮೊಣಕಾಲುಗಳ ಮೇಲೆ ಒಂದು ಬ್ರೀಫ್‌ಕೇಸು ಅಡ್ಡ ಇಟ್ಟರೆ ಇಸ್ಪೀಟಿನ ಮೇಜು ಸಿದ್ಧ. ಮೂವರ ಬೆಂಚಿನ ತುದಿಯಲ್ಲಿ ಒಂದು ತೊಡೆಯಷ್ಟೇ ಊರಿ ಕೂತ 'ಫೋರ್ತ್ ಸೀಟಿ'ನವನೂ ಆಟಕ್ಕೆ ಸಲಹೆ ಕೊಡುತ್ತಾನೆ. ಇನ್ನೊಂದು ಡಬ್ಬದಲ್ಲಿ ಭಜನೀ ಮಂಡಳಿ. ತಾಳ ಹಿಡಿದು ತುಕಾರಾಮನ ಅಭಂಗ ಶುರುಮಾಡಿದರೆ ಇಳಿಯುವ ಸ್ಟೇಶನ್ನಿನವರೆಗೂ ವಿಠಲ ನಾಮವೇ. ಹೆಂಗಸರ ಡಬ್ಬದಲ್ಲಂತೂ ಟೈಂಪಾಸಿನ ರೂಪವೇ ಬೇರೆ. ಬಟಾಣಿ ಸುಲಿಯುತ್ತಾರೆ, ಮೆಂತೆ ಸೊಪ್ಪು ಬಿಡಿಸುತ್ತಾರೆ, ಕಿವಿಯೋಲೆ ಮಾರಲು ಬಂದವಳ ಹತ್ತಿರ ಚೌಕಾಸಿ ಮಾಡುತ್ತಾರೆ. 1992ರ ಮೇ 5ರಂದು ಚರ್ಚ್‌ಗೇಟ್ ಮತ್ತು ಬೊರಿವಲಿ ನಡುವೆ ಮೊದಲ ಲೇಡೀಸ್ ಸ್ಪೆಷಲ್ ಗಾಡಿ ಬಿಟ್ಟಾಗ, ರಾತ್ರಿಯ ಪಲ್ಯದ ಅರ್ಧ ಕೆಲಸ ರೈಲಿನಲ್ಲೇ ಮುಗಿಯುವ ವ್ಯವಸ್ಥೆಯೂ ಆಯಿತು. ಇದನ್ನು ಟೈಂಪಾಸ್ ಎನ್ನುವವನು ಮನೆಗೆ ಹೋಗಿ ಆ ಪಲ್ಯವನ್ನು ಎರಡನೇ ಸಲ ಬಡಿಸಿಕೊಳ್ಳುವ ಗಂಡಸೇ ಇರಬೇಕು.

ಮೂರನೆಯ ಅರ್ಥ ಸ್ವಲ್ಪ ಅಪಾಯದ್ದು. ನಮ್ಮ ಬಿಲ್ಡಿಂಗಿನಲ್ಲಿ ನೆರೆಯವರು ನಿಂತು ಹರಟಲು ಬೇಲಿ ಇಲ್ಲ, ಆ ಕೆಲಸವನ್ನು ಬಟ್ಟೆ ಒಣಹಾಕುವ ಗ್ರಿಲ್ಲು ಮಾಡುತ್ತದೆ. ಮೊನ್ನೆ ಆ ಕಡೆಯ ಗ್ರಿಲ್ಲಿನಿಂದ ಪಕ್ಕದ ಮನೆಯ ಅಕ್ಕ, ಕುಂದಾಪುರದ ಕಡೆಯವರು, ಕ್ಲಿಪ್ಪು ಬಾಯಲ್ಲಿ ಕಚ್ಚಿಕೊಂಡೇ ಕೇಳಿದರು:

"ಅಲ್ಲ ಮಾರಾಯ್ರೆ, ನಮ್ಮ ಮಾಣಿ ಒಂದು ಹುಡುಗಿ ಜೊತೆ ತಿರುಗ್ತಾ ಇದ್ದ. ಕೇಳಿದ್ರೆ 'ಅಮ್ಮಾ, ಅದು ಬರೀ ಟೈಂಪಾಸ್' ಅಂತ. ನಾನು ಸಮಾಧಾನ ಪಡ್ಕಾ, ಬೇಜಾರು ಮಾಡ್ಕಾ?"

"ಹುಡುಗಿ ಏನಂತಾಳಂತೆ ಅಕ್ಕಾ?"

"ಅವಳೂ ಅವಳಮ್ಮನ ಹತ್ರ ಹಾಂಗೇ ಹೇಳಿದ್ಲಂತೆ."

"ಹಾಗಾದರೆ ಹಾಲ್ ಬುಕ್ ಮಾಡುವುದಕ್ಕೆ ದುಡ್ಡು ತೆಗೆದಿಡಿ. ಇಬ್ಬರೂ ಟೈಂಪಾಸ್ ಅಂದರೆ ವಿಷಯ ಗಂಭೀರ. ಒಬ್ಬರೇ ಅಂದರೆ ಮಾತ್ರ ಹೆದರಬೇಕು."

ಅಕ್ಕ ನಕ್ಕರೋ ಬೈದರೋ ಕ್ಲಿಪ್ಪಿನ ಮರೆಯಲ್ಲಿ ಗೊತ್ತಾಗಲಿಲ್ಲ. ಆದರೆ ಈ ಸೂತ್ರ ನನ್ನದಲ್ಲ, ಇಡೀ ಮಹಾರಾಷ್ಟ್ರ ಚಿತ್ರಮಂದಿರಗಳಲ್ಲಿ ಕೂತು ಕಲಿತದ್ದು. 2014ರ ಜನವರಿಯಲ್ಲಿ ರವಿ ಜಾಧವ್ ಅವರ 'ಟೈಂಪಾಸ್' ಎಂಬ ಮರಾಠಿ ಸಿನಿಮಾ ಬಂತು. ದಗಡೂ ಎಂಬ ಪೋಲಿ ಹುಡುಗ, ಪ್ರಾಜಕ್ತಾ ಎಂಬ ಶಿಸ್ತಿನ ಮನೆಯ ಹುಡುಗಿ. ತಮಾಷೆಗೆಂದು ಶುರುವಾದದ್ದು ಗಟ್ಟಿಯಾಗುವ ಕಥೆ. ಜನ ಮುಗಿಬಿದ್ದರು. ಮರುವರ್ಷವೇ ಎರಡನೇ ಭಾಗ, 2022ರಲ್ಲಿ ಮೂರನೇ ಭಾಗ. ಟೈಂಪಾಸ್ ಎಂದು ಹೆಸರಿಟ್ಟುಕೊಂಡದ್ದು ಎಂಟು ವರ್ಷ ಎಳೆಯಿತು!

ಮಾತು ಎಲ್ಲಿ ಆಡಿದ್ದು ಎನ್ನುವುದರ ಮೇಲೆ ಇದರ ಬೆಲೆ ಏರಿಳಿಯುತ್ತದೆ. ಸಿನಿಮಾ ಹೇಗಿತ್ತು ಎಂದರೆ "ಟೈಂಪಾಸ್" ಎನ್ನುವುದು ನಡುಮಟ್ಟದ ಸರ್ಟಿಫಿಕೇಟು. ಚೆನ್ನಾಗಿಲ್ಲ, ಆದರೆ ಟಿಕೆಟ್ ದುಡ್ಡಿಗೆ ಅಳುವಷ್ಟೂ ಕೆಟ್ಟದ್ದಲ್ಲ. ಡಿಗ್ರಿ ಮುಗಿಸಿದ ಹುಡುಗ "ಸದ್ಯಕ್ಕೆ ಟೈಂಪಾಸ್ ಜಾಬ್" ಎಂದರೆ ಸಂಬಳದ ಅಂಕಿ ಕೇಳಬಾರದು ಎಂದರ್ಥ. ಮೀನು ಮಾರ್ಕೆಟ್ಟಿಗೆ ಹೋಗಿ ಪಾಪ್ಲೆಟ್ಟಿನ ಕಿವಿರು ಎತ್ತಿ ನೋಡಿ, ಬಂಗುಡೆಯ ಹೊಟ್ಟೆ ಒತ್ತಿ ನೋಡಿ, ಸುರಮಯಿಯ ರೇಟು ಕೇಳಿ ಹಾಗೇ ಮುಂದಕ್ಕೆ ಹೋಗಿ ನೋಡೋಣ. "ಟೈಂಪಾಸ್ ಕರಾಯ್ಲಾ ಆಲಾಯ್ಸ್ ಕಾ?" ಎಂದು ಮೀನು ಮಾರುವ ಕೋಳಿ ಸಮುದಾಯದ ಹೆಂಗಸು ಕೂಗಿದರೆ ಇಡೀ ಮಾರ್ಕೆಟ್ಟು ತಿರುಗಿ ನೋಡುತ್ತದೆ. ಅಲ್ಲಿ ಟೈಂಪಾಸ್ ಎಂದರೆ ಮರ್ಯಾದೆ ಕಳೆದುಕೊಳ್ಳುವುದು. ಹೌಸಿಂಗ್ ಸೊಸೈಟಿಯ ವಾರ್ಷಿಕ ಸಭೆಯಲ್ಲಿ ನೀರಿನ ಟ್ಯಾಂಕಿನ ವಿಷಯ ಎತ್ತಿದವನಿಗೆ ಕಾರ್ಯದರ್ಶಿ "ಟೈಂಪಾಸ್ ಮತ್ ಕರೋ" ಎಂದರೆ, ಟ್ಯಾಂಕು ಈ ವರ್ಷವೂ ಸೋರುತ್ತದೆ ಎಂದು ತಿಳಿದುಕೊಳ್ಳಬೇಕು.

ರಿಟೈರಾದವರನ್ನು ಮಾತ್ರ ಈ ಮಾತಿನಲ್ಲಿ ಕೇಳುವಾಗ ಸ್ವರ ತಗ್ಗಿಸುತ್ತಾರೆ. "ಕಾಕಾ, ಟೈಂಪಾಸ್ ಹೇಗೆ ಆಗ್ತದೆ?" ಎಂದರೆ "ಮನೆಯಲ್ಲಿ ಮಾತಾಡುವವರು ಯಾರಾದರೂ ಇದ್ದಾರೋ?" ಎಂದು ಕೇಳಿದ ಹಾಗೆ. ನಲವತ್ತು ವರ್ಷ ಎಂಟು ಇಪ್ಪತ್ತೆರಡರ ಗಾಡಿ ಹಿಡಿದ ಮನುಷ್ಯನಿಗೆ ಎಂಟು ಇಪ್ಪತ್ತೆರಡಕ್ಕೆ ಮಾಡಲು ಏನೂ ಇಲ್ಲದಿರುವುದು ಸಣ್ಣ ಸಂಕಟವಲ್ಲ. ಕೆಲಸವಿಲ್ಲದ ಬಡಗಿ ಮಗನ ಅಂಡು ಕೆತ್ತಿದ ಎಂದು ಗಾದೆ ಕಟ್ಟಿದವರು ನಕ್ಕಿದ್ದಾರೆ, ಆದರೆ ಆ ಬಡಗಿಗೆ ಕೆಲಸ ಯಾಕಿರಲಿಲ್ಲ ಎಂದು ಕೇಳಲಿಲ್ಲ.

ಕೇಳಿದವರು ಒಬ್ಬರಿದ್ದಾರೆ. ಕ್ರೇಗ್ ಜೆಫ್ರಿ ಎಂಬ ವಿದ್ವಾಂಸರು ಉತ್ತರಪ್ರದೇಶದ ಮೇರಠ್‌ಗೆ ಬಂದು, ಡಿಗ್ರಿಯ ಮೇಲೆ ಡಿಗ್ರಿ ಮಾಡಿಕೊಂಡು ಕೆಲಸ ಸಿಗದೆ ಚಹದಂಗಡಿಯ ಮುಂದೆ ನಿಲ್ಲುವ ಯುವಕರ ಜೊತೆ ತಾವೂ ನಿಂತು ಒಂದು ಪುಸ್ತಕ ಬರೆದರು. 2010ರಲ್ಲಿ ಬಂದ ಆ ಪುಸ್ತಕದ ಹೆಸರೇ 'ಟೈಂಪಾಸ್'. ಕಾಯುವುದೇ ಉದ್ಯೋಗವಾದವರ ಕಥೆ ಅದು. ಇದೇ ಹೆಸರಿನ ಇನ್ನೊಂದು ಪುಸ್ತಕ ಮುಂಬಯಿಗೂ ನಮಗೂ ಸಂಬಂಧಪಟ್ಟದ್ದು. ಮುಂಬಯಿಯ ಮಾಡೆಲಿಂಗ್ ಲೋಕದಲ್ಲಿ ಹೆಸರು ಮಾಡಿ, ಆಮೇಲೆ ಒಡಿಸ್ಸಿ ಕಲಿತು, 1990ರಲ್ಲಿ ಬೆಂಗಳೂರಿನ ಹೆಸರಘಟ್ಟದಲ್ಲಿ ನೃತ್ಯಗ್ರಾಮ ಕಟ್ಟಿದ ಪ್ರೋತಿಮಾ ಬೇಡಿಯವರ ಆತ್ಮಕಥನ. 1998ರ ಮಾಲ್ಪಾ ಭೂಕುಸಿತದಲ್ಲಿ ಅವರು ತೀರಿಕೊಂಡ ಮೇಲೆ ಮಗಳು ಪೂಜಾ ಬೇಡಿ ಅದನ್ನು ಹೊರತಂದರು. ನೃತ್ಯಶಾಲೆಯನ್ನು ಊರಾಗಿ ಕಟ್ಟಿದ ಹೆಂಗಸಿನ ಬದುಕಿಗೆ ಹೆಸರು 'ಟೈಂಪಾಸ್'!

ಕೆಲಸ ಹುಡುಕುತ್ತ ಮಂಗಳೂರಿನಿಂದ ಮುಂಬಯಿಗೆ ಬಂದು ಚೌಪಾಟಿಯ ಬೆಂಚಿನ ಮೇಲೆ ಮಲಗಿದ ಇನ್ನೊಬ್ಬ ಹುಡುಗನಿದ್ದ. ಆಗ ಅವನನ್ನು ನೋಡಿದವರು ಟೈಂಪಾಸ್ ಪಾರ್ಟಿ ಎಂದೇ ಅಂದುಕೊಂಡಿರಬೇಕು. ಆ ಜಾರ್ಜ್ ಫರ್ನಾಂಡಿಸ್ 1967ರಲ್ಲಿ ದಕ್ಷಿಣ ಮುಂಬಯಿಯ ದೊರೆಯಂತಿದ್ದ ಎಸ್.ಕೆ. ಪಾಟೀಲರನ್ನು ಸೋಲಿಸಿದರು. 1974ರ ಮೇ 8ರಿಂದ ಇಡೀ ದೇಶದಲ್ಲಿ ರೈಲ್ವೆ ಮುಷ್ಕರ ನಡೆಸಿ, ಗಾಡಿಯ ಗಡಿಯಾರಕ್ಕೆ ಬದುಕುವ ಊರಿಗೆ ಗಾಡಿಯೇ ಇಲ್ಲದ ಹೊತ್ತು ಹೇಗಿರುತ್ತದೆಂದು ತೋರಿಸಿದರು. ಬೆಂಚಿನ ಮೇಲೆ ಸುಮ್ಮನೆ ಕೂತವರ ಬಗ್ಗೆ ಹಗುರಾಗಿ ಮಾತಾಡಬಾರದು.

ಇಷ್ಟೆಲ್ಲ ಅರ್ಥಗಳಿರುವ ಪದಕ್ಕೆ ಕನ್ನಡದಲ್ಲಿ ಏನೆನ್ನೋಣ? ಕಾಲಹರಣ ಎಂದರೆ ಮೇಷ್ಟರು ಬೈದ ಹಾಗೆ ಕೇಳಿಸುತ್ತದೆ. 'ಪುರುಸೊತ್ತು' ನಮ್ಮದೇ ಎಂದುಕೊಂಡಿದ್ದೇವೆ, ಅದೂ ಅರಬ್ಬೀ ಮೂಲದ ಫುರ್ಸತ್ತು. ಆದರೆ ಅಚ್ಚು ಎರಕ ಹೊಯ್ದ ಹಾಗೆ ಹೊಂದುವ ಒಂದು ಪದ ನಮ್ಮ ಹಿರಿಯರ ಬಾಯಲ್ಲಿತ್ತು: ಕಾಲಕ್ಷೇಪ. ಕಾಲ ಎಂದರೆ ಟೈಂ. ಕ್ಷೇಪ ಎಂದರೆ ಎಸೆಯುವುದು, ಕಳೆಯುವುದು. "ಹೇಗೋ ಕಾಲಕ್ಷೇಪ ಆಗ್ತಿದೆ" ಎಂದರೆ ಹೊಟ್ಟೆಪಾಡು ನಡೆಯುತ್ತಿದೆ ಎಂದೂ ಆಯಿತು. ಇದೇ ಪದದ ಹಿಂದೆ ಹರಿಕಥೆ ಸೇರಿದರೆ ಅದರ ಅಂತಸ್ತೇ ಬೇರೆ. ಹರಿಕಥಾ ಕಾಲಕ್ಷೇಪ! ದೇವಸ್ಥಾನದ ಅಂಗಳದಲ್ಲಿ ಹರಿದಾಸರು ಗೆಜ್ಜೆ ಕಟ್ಟಿ, ಚಿಟಿಕೆ ಹಿಡಿದು, ಸುಧಾಮನ ಅವಲಕ್ಕಿಯನ್ನು ನಡುರಾತ್ರಿಯವರೆಗೆ ಎಳೆಯುತ್ತಿದ್ದರು. ನಡುನಡುವೆ ಊರಿನ ಪಟೇಲರ ಮೇಲೊಂದು ಉಪಕಥೆ. ಜನ ಎದ್ದು ಹೋಗುತ್ತಿರಲಿಲ್ಲ. ನಮ್ಮವರು ಮೋಕ್ಷದ ದಾರಿಗೂ ಟೈಂಪಾಸ್ ಎಂದೇ ಹೆಸರಿಟ್ಟಿದ್ದರು ನೋಡಿ. ಮಹಾರಾಷ್ಟ್ರದ ಕೀರ್ತನ ಮರಾಠಾ ಅರಸರ ತಂಜಾವೂರಿಗೆ ಹೋಗಿ ದಕ್ಷಿಣದ ಹರಿಕಥೆಯನ್ನು ತಿದ್ದಿತು. ಆದ್ದರಿಂದ ಡೊಂಬಿವಲಿ ಫಾಸ್ಟಿನ ಭಜನೀ ಮಂಡಳಿಯವರೂ ನಮ್ಮ ಹರಿದಾಸರೂ ದೂರದ ನೆಂಟರೇ.

ಈಗ ನನ್ನ ಮುಖ್ಯ ತಕರಾರಿಗೆ ಬರುತ್ತೇನೆ. ಮುಂಬಯಿಯಲ್ಲಿ ಕನ್ನಡ ಉಳಿದದ್ದು ಹೇಗೆ? ಆಫೀಸಿನಲ್ಲಿ ಇಂಗ್ಲಿಷು, ಬಜಾರಿನಲ್ಲಿ ಹಿಂದಿ, ನೆರೆಯಲ್ಲಿ ಮರಾಠಿ. ಹಲವರ ಮನೆಯೊಳಗೆ ತುಳು, ಕೊಂಕಣಿ, ಬ್ಯಾರಿ. ಹೊಟ್ಟೆಪಾಡಿನ ಹೊತ್ತಿನಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ. ಉಳಿದದ್ದು ಟೈಂಪಾಸಿನ ಹೊತ್ತು ಮಾತ್ರ. ಆ ಹೊತ್ತಿನಲ್ಲಿ ನಮ್ಮವರು ಏನೇನು ಮಾಡಿದರು ಎಂದು ಲೆಕ್ಕ ಹಾಕಿ. 1902ರಲ್ಲೇ ಮೊಗವೀರ ವ್ಯವಸ್ಥಾಪಕ ಮಂಡಳಿ. 1926ರಲ್ಲಿ ಮಾಟುಂಗಾದ ಮೈಸೂರು ಅಸೋಸಿಯೇಶನ್. 1933ರಲ್ಲಿ ಕರ್ನಾಟಕ ಸಂಘ. ಆಮೇಲೆ ಉಪನಗರಕ್ಕೊಂದು, ಜಾತಿಗೊಂದು, ತಾಲೂಕಿಗೊಂದು ಸಂಘ. ಎಲ್ಲಿ ಮೂರು ಕನ್ನಡಿಗರೋ ಅಲ್ಲಿ ಎರಡು ಸಂಘ ಮತ್ತು ಒಂದು ಭಿನ್ನಮತ ಎಂದು ನಾವೇ ನಗುತ್ತೇವೆ. ಆದರೆ ಆ ಸಂಘಗಳಿಂದಲೇ 'ನೇಸರು', 'ಮೊಗವೀರ', 'ಅಕ್ಷಯ' ಎಂಬ ಪತ್ರಿಕೆಗಳು ಬಂದವು. ಪ್ರೂಫು ತಿದ್ದಿದವರು ಬ್ಯಾಂಕಿನ ಗುಮಾಸ್ತರು, ಇಲ್ಲವೆ ಮಿಲ್ಲಿನ ಲೆಕ್ಕದವರು. ಮನೆಯವರು ಕೇಳಿದರೆ ಹೇಳುತ್ತಿದ್ದ ಉತ್ತರ: "ಸುಮ್ಮನೆ, ಟೈಂಪಾಸು."

ರಾತ್ರಿಶಾಲೆಗಳ ಕಥೆ ಇನ್ನೂ ದೊಡ್ಡದು. ಉಡುಪಿ ಕಡೆಯಿಂದ ಚಡ್ಡಿ ಹಾಕಿಕೊಂಡು ಬಂದ ಹುಡುಗರು ಹಗಲಿಡೀ ಹೋಟೆಲಿನಲ್ಲಿ ಲೋಟ ತೊಳೆದು, ಮೇಜು ಒರೆಸಿ, ರಾತ್ರಿ ಸ್ಲೇಟು ಹಿಡಿದು ಕನ್ನಡ ರಾತ್ರಿಶಾಲೆಗೆ ಹೋದರು. ಊಟದ ಬಿಲ್ಲು ಬಾಯಲ್ಲೇ ಕೂಡಿಸುವವನಿಗೆ ಗಣಿತ ಹೊಸದಿರಲಿಲ್ಲ, ನಿದ್ದೆ ಮಾತ್ರ ಶತ್ರು. ಹಾಗೆ ಓದಿದವರಲ್ಲಿ ವಕೀಲರಾದವರಿದ್ದಾರೆ, ಹೋಟೆಲು ಮಾಲೀಕರಾದವರಿದ್ದಾರೆ, ಅದೇ ಶಾಲೆಗೆ ಮೇಷ್ಟರಾಗಿ ಹೋದವರೂ ಇದ್ದಾರೆ. ಮಳೆಗಾಲ ಬಂದರೆ ಊರಿನಲ್ಲಿ ಯಕ್ಷಗಾನದ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಕಲಾವಿದರು ಮುಂಬಯಿಗೆ ಬರುತ್ತಾರೆ. ಹೊರಗೆ ಹಳಿಯ ಮೇಲೆ ನೀರು ನಿಂತು ಗಾಡಿ ಬಂದ್ ಆಗಿರುತ್ತದೆ, ಒಳಗೆ ಹಾಲಿನಲ್ಲಿ ತಾಳಮದ್ದಲೆಯ ಕರ್ಣನೂ ಶಲ್ಯನೂ ತರ್ಕಕ್ಕೆ ಬಿದ್ದಿರುತ್ತಾರೆ. ಕೇಳುವವರಿಗೂ ಮನೆಗೆ ಹೋಗುವ ದಾರಿಯಿಲ್ಲ, ಕರ್ಣನಿಗೂ ಅವಸರವಿಲ್ಲ.

ಸಾಹಿತ್ಯವನ್ನೇ ತೆಗೆದುಕೊಳ್ಳಿ. ಯಶವಂತ ಚಿತ್ತಾಲರು ಬೇಕಲೈಟ್ ಹೈಲಮ್ ಕಂಪನಿಯಲ್ಲಿ ರಾಸಾಯನಿಕ ತಂತ್ರಜ್ಞರು. ಹನೇಹಳ್ಳಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂಬಯಿಯಲ್ಲಿ ಕೂತು ಬರೆದರು. 1979ರ 'ಶಿಕಾರಿ' ಬಂದದ್ದು ಆ ಮೇಜಿನಿಂದ. ಜಯಂತ ಕಾಯ್ಕಿಣಿಯವರು ಔಷಧ ಕಂಪನಿಯಲ್ಲಿ ಜೀವರಸಾಯನ ತಜ್ಞರಾಗಿದ್ದವರು. ಗಾಡಿಯಲ್ಲಿ, ಪ್ಲಾಟ್‌ಫಾರ್ಮಿನಲ್ಲಿ, ಇರಾನಿ ಹೋಟೆಲಿನಲ್ಲಿ ಅವರು ಕಂಡ ಮುಂಬಯಿ, ತೇಜಸ್ವಿನಿ ನಿರಂಜನರ ಅನುವಾದದಲ್ಲಿ 'ನೋ ಪ್ರೆಸೆಂಟ್ಸ್ ಪ್ಲೀಸ್' ಆಗಿ 2018ರ ಡಿಎಸ್‌ಸಿ ಸಾಹಿತ್ಯ ಪ್ರಶಸ್ತಿ ಪಡೆಯಿತು. ಅನುವಾದಿತ ಕೃತಿಯೊಂದಕ್ಕೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ಕಂಪನಿಯ ಹಾಜರಿ ಪುಸ್ತಕದಲ್ಲಿ ಇವರಿಬ್ಬರ ಬರವಣಿಗೆಗೆ ಖಾನೆ ಇರಲಿಲ್ಲ. ಕಂಪನಿಯ ಲೆಕ್ಕದಲ್ಲಿ ಅದೂ ಟೈಂಪಾಸೇ.

ಹಾಗೆಂದು ಎಲ್ಲ ಟೈಂಪಾಸಿಗೂ ಹಾರ ಹಾಕಲು ನಾನು ಹೊರಟಿಲ್ಲ. ಈಗ ಗಾಡಿಯಲ್ಲಿ ಇಸ್ಪೀಟಿನ ಗುಂಪು ಕಡಿಮೆಯಾಗಿದೆ. ಇಡೀ ಡಬ್ಬ ತಲೆ ತಗ್ಗಿಸಿ ಮೊಬೈಲಿನಲ್ಲಿ ರೀಲು ಉಜ್ಜುತ್ತಿರುತ್ತದೆ. ಫೋರ್ತ್ ಸೀಟಿನವನಿಗೆ ಜಾಗ ಬಿಡುವಾಗಲೂ ಕಣ್ಣು ಎತ್ತುವುದಿಲ್ಲ. ಕಡಲೆಕಾಯಿ ಪೊಟ್ಟಣದಿಂದ ಪಕ್ಕದವನಿಗೆ ನಾಲ್ಕು ಕೊಡಬಹುದಿತ್ತು, ಕೊಟ್ಟ ಮೇಲೆ ಊರು ಯಾವುದು ಎಂದು ಕೇಳಬಹುದಿತ್ತು, ಕೇಳಿದ ಮೇಲೆ ಅವನ ಅತ್ತೆಯ ಮನೆ ನಮ್ಮ ಅಜ್ಜನ ಊರಿನ ಪಕ್ಕವೇ ಎಂದು ಹೊರಡಬಹುದಿತ್ತು. ರೀಲಿನಿಂದ ಪಕ್ಕದವನಿಗೆ ಏನು ಕೊಡುವುದು? ಅವನೂ ಅದನ್ನೇ ನೋಡುತ್ತಿರುತ್ತಾನೆ. ಇಲ್ಲಿ ಹೊತ್ತು ನಮ್ಮದು, ಸಂಪಾದನೆ ಇನ್ಯಾರದೋ. ಮೀನು ಮಾರ್ಕೆಟ್ಟಿನವಳು ಬೈಯುವ ಟೈಂಪಾಸ್ ಇದೇ, ಆದರೆ ಬೈಯುವುದಕ್ಕೆ ಇಲ್ಲಿ ಯಾರೂ ಇಲ್ಲ.

ಆದ್ದರಿಂದ ನನ್ನ ತೀರ್ಪು ಹೀಗಿದೆ. ಎದುರಿಗೆ ಇನ್ನೊಬ್ಬ ಮನುಷ್ಯ ಬೇಕಾಗುವ ಟೈಂಪಾಸ್ ಒಳ್ಳೆಯದು. ಅದು ಕಡಲೆಕಾಯಿಯಿರಲಿ, ಭಜನೆಯಿರಲಿ, ತಾಳಮದ್ದಲೆಯಿರಲಿ, ಗ್ರಿಲ್ಲಿನ ಆಚೆಯ ಅಕ್ಕನ ಪುರಾಣವಿರಲಿ. ಮುಂದಿನ ಭಾನುವಾರ ಹಳಿ ದುರಸ್ತಿಗೆಂದು ಗಾಡಿ ನಿಲ್ಲಿಸುವ ಮೆಗಾ ಬ್ಲಾಕ್ ಇಲ್ಲದಿದ್ದರೆ ಮಾಟುಂಗಾದಲ್ಲಿ ಇಳಿಯಿರಿ. ಸಂಘದ ಹಾಲಿನಲ್ಲಿ ಏನಾದರೊಂದು ಕಾರ್ಯಕ್ರಮ ಇದ್ದೇ ಇರುತ್ತದೆ, ಕುರ್ಚಿಗಳೂ ಬೇಕಾದಷ್ಟು ಖಾಲಿ ಇರುತ್ತವೆ. ಮನೆಯಲ್ಲಿ ಮಕ್ಕಳು "ಎಲ್ಲಿಗೆ ಹೊರಟಿರಿ?" ಎಂದರೆ ಧೈರ್ಯವಾಗಿ "ಟೈಂಪಾಸಿಗೆ" ಎಂದು ಹೇಳಿ. ಹೇಳಿ ಒಬ್ಬರೇ ಬರಬೇಡಿ, ಅವರನ್ನೂ ಕರೆದುಕೊಂಡು ಬನ್ನಿ.